ಸಂಕವ್ವನ ಕರಡಿ ಕುಣಿದಿದ್ದು

ಕಾಲು ಒದರಬೇಡ, ದುಪ್ಪಟಿ ಹೊದ್ಕೊ, ಹೇಳ್ತೀನಿ. ನನ್ನಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಂದಿರಲಿಲ್ಲವಲ್ಲ, ಅಂಥ ಒಂದಾನೊಂದು ಕಾಲದಲ್ಲಿ ಬಂಡೆಗುಡ್ಡದ ಮೇಲೆ ಒಂದು ಕೋಟೆ ಇತ್ತಂತೆ, ಕೋಟೆಗೊಬ್ಬ ರಾಜ ಇದ್ನಂತೆ. ಆ ರಾಜನ ಅಡುಗೆಮನೇಲಿ ಸಂಕವ್ವ ಅಂತ ಒಬ್ಬಳು ರಾಗಿ ಬೀಸ್ಕೊಂಡಿದ್ಲಂತೆ. ಗಂಡ ಇಲ್ಲ, ಮಕ್ಕಳಿಲ್ಲ, ಬಾಯಿ ಮಾತ್ರ ಜೋರು. ಒಂದ್ಸಲ ರಾಜ ಬೇಟೆಗೆ ಹೋದೋನು ತಾಯಿ ಕರಡೀನ ಕೊಂದು, ಇನ್ನೂ ಕಣ್ಣು ಬಿಡದ ಮರೀನ ತಂದು ಸಂಕವ್ವನ ಮಡಿಲಿಗೆ ಹಾಕಿ, ಇದನ್ನ ಸಾಕು ಅಂದನಂತೆ. ಆ ಪುಣ್ಯಾತ್ಮನಿಗೆ ಗೊತ್ತಿದ್ದಿದ್ದೇ ಅಷ್ಟು, ಕೊಲ್ಲೋದು, ತರೋದು.

ಸಂಕವ್ವ ಅದಕ್ಕೆ ಬೋರ ಅಂತ ಹೆಸರಿಟ್ಟು, ಹೆತ್ತ ಮಗನಿಗೂ ಯಾರೂ ಮಾಡಲ್ಲ, ಹಂಗೆ ಸಾಕಿದ್ಲಂತೆ. ಬಾಳೆಹಣ್ಣಿನ ಸಿಪ್ಪೆ ಸುಲಿಯೋಳು, ಹಲಸಿನ ತೊಳೆಯಿಂದ ಬೀಜ ತೆಗೆಯೋಳು, ಜೇನು ಹಿಂಡಿ ಸೋಸೋಳು. ಅವಳು ಎರಡು ಸಲ ಚಪ್ಪಾಳೆ ತಟ್ಟಿದ್ರೆ ಸಾಕು, ಎಲ್ಲಿದ್ರೂ ಗುಡುಗುಡು ಓಡಿ ಬಂದು, ಎರಡು ಕಾಲಮೇಲೆ ನಿಂತು ಅವಳ ಕೈ ಮೂಸ್ತಿತ್ತಂತೆ.

ಆಮೇಲೆ ಬೋರ ದೊಡ್ಡದಾಯ್ತು. ಅರಮನೆ ಅಂಗಳದಲ್ಲಿ ಹೊಂಡ ತೋಡಿಸಿ ಅದರೊಳಗೆ ಬಿಟ್ರು. ಸುತ್ತಲೂ ಕಲ್ಲು, ಕೆಳಗೂ ಕಲ್ಲು. ತಿನ್ನೋಕೆ ಬೇಕಾದಷ್ಟು, ಮಾಡೋಕೆ ಏನೇನೂ ಇಲ್ಲ. ಬರ್ತಾ ಬರ್ತಾ ಬೋರ ಒಂದು ಮೂಲೇಲಿ ನಿಂತ್ಕೊಂಡು ತಲೆ ಆ ಕಡೆ ಈ ಕಡೆ ತೂಗೋಕೆ ಶುರು ಮಾಡ್ತಂತೆ. ರಾಜ ಮೇಲಿಂದ ನೋಡಿ, ಆಹಾ, ನಮ್ಮ ಕರಡಿ ಖುಷಿಗೆ ಕುಣೀತದೆ ಕಣ್ರೋ ಅಂದ. ರಾಜ ಅಂದ್ಮೇಲೆ ಊರೂ ಹಂಗೇ ಅಂತು. ತಮಟೆ ಬಂತು, ಚಪ್ಪಾಳೆ ಬಂತು. ಸಂಕವ್ವನೂ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು, ನನ್ನ ಮಗ ಕಣ್ರೇ, ನಾನು ಸಾಕಿದ್ದು ಅಂತ ಸಿಕ್ಕಸಿಕ್ಕೋರ ಹತ್ರ ಕೊಚ್ಕೊಂಡ್ಲಂತೆ.

ಒಂದಿನ ಅಂಬಲಿ ಇಡೋಕೆ ಹೊಂಡಕ್ಕಿಳಿದ್ಲು. ತಮಟೆ ಇಲ್ಲ, ಜನ ಇಲ್ಲ, ಬೋರ ತೂಗ್ತಾನೇ ಇದೆ. ಅಂಗಾಲು ಸವೆದು ಕಲ್ಲಿನ ಮೇಲೆಲ್ಲ ರಕ್ತ. ಕಣ್ಣು ಬಿಟ್ಕೊಂಡೇ ಇದೆ, ಅವಳನ್ನ ನೋಡ್ತಾ ಇಲ್ಲ. ಅಯ್ಯೋ ಶಿವನೇ! ಸಂಕವ್ವನಿಗೆ ಅವಳ ಸೋದರತ್ತೆ ನೆನಪಾದ್ಲು. ಗಂಡ ಸತ್ತ ಮೇಲೆ ಆಕೆ ಕೈಯಿಂದ ಮೊರ, ಬಿಂದಿಗೆ, ಒಲೆ ಎಲ್ಲಾ ಬಿಡಿಸಿ, ನೀನೇನೂ ಮುಟ್ಟಬೇಡ, ತಿಂದ್ಕೊಂಡು ಕೂತಿರು ಅಂತ ಹಿಂದಿನ ಕೋಣೇಲಿ ಕೂರಿಸಿದ್ರಂತೆ. ಆಕೇನೂ ಗೋಡೆ ನೋಡ್ಕೊಂಡು ಹಿಂಗೇ ತೂಗ್ತಿದ್ಲು, ತೂಗ್ತಾ ತೂಗ್ತಾನೇ ಹೋದ್ಲು. ಇದು ಕುಣಿತ ಅಲ್ಲವಲ್ಲಪ್ಪಾ ಅಂದ್ಕೊಂಡ್ಲಂತೆ ಸಂಕವ್ವ.

ಮೊದಲು ಹೊಸ ಕಂಬಳಿ ತಂದು ಹಾಸಿದ್ಲು. ಬೋರ ಕಂಬಳಿ ಮೇಲೆ ನಿಂತು ತೂಗ್ತು. ಆಮೇಲೆ ತುಪ್ಪ ಬೆಲ್ಲ ಇನ್ನಷ್ಟು ಹಾಕಿ ಮುದ್ದೆ ಕಟ್ಟಿ ತಿನ್ನಿಸಿದ್ಲು. ತಿಂದು, ಮೂತಿ ನೆಕ್ಕೊಂಡು, ಹೋಗಿ ಮತ್ತೆ ತೂಗ್ತು. ಮೂರನೇದೇನು ಮಾಡ್ಲಪ್ಪಾ ಅಂತ ಹೊಲದ ಬದೂನಲ್ಲಿ ಅಳ್ತಾ ಕೂತಿದ್ದಾಗ ಎದುರಿಗೊಂದು ಹುತ್ತ ಕಾಣ್ತಂತೆ, ಅದರ ಮೈತುಂಬ ಉಗುರಿನ ಗೀರು, ಕಾಡುಕರಡಿ ಗೆದ್ದಲಿಗಾಗಿ ಕೆರೆದಿದ್ದು. ಹುತ್ತ ಅಂದ್ರೆ ಗೊತ್ತಲ್ಲ ನಿನಗೆ, ನಾಗಪ್ಪನ ಮನೆ, ಹಾಲೆರೆಯೋ ಜಾಗ, ಗುದ್ದಲಿ ಮುಟ್ಟಿಸೋ ಹಂಗಿಲ್ಲ. ಸಂಕವ್ವ ಅರಿಸಿನ ಕುಂಕುಮ ಇಟ್ಟು, ನಾಗಪ್ಪಾ, ಶಾಪ ಕೊಡೋದಿದ್ರೆ ನನಗೆ ಕೊಡು, ಅವನಿಗೆ ಬೇಡ ಅಂತ ಅಡ್ಡಬಿದ್ದು, ಅರ್ಧ ಹುತ್ತ ಅಗೆದು ಬುಟ್ಟೀಲಿ ಹೊತ್ಕೊಂಡು ಬಂದ್ಲಂತೆ. ಜೊತೆಗೊಂದು ಪೊಟರೆ ಬಿದ್ದ ಮರದ ತುಂಡು, ಪೊಟರೆಯೊಳಗೆ ಜೇನು ತುಂಬಿ ಬಾಯಿಗೆ ಜೇಡಿಮಣ್ಣು ಮೆತ್ತಿದ್ಲು.

ಎರಡು ಸಲ ಚಪ್ಪಾಳೆ ತಟ್ಟಿದ್ಲು. ಬೋರ ಮೂಸ್ತು. ತೂಗೋದು ನಿಂತೇ ಹೋಯ್ತಲ್ಲ! ಕೆರೆದಿದ್ದೇ ಕೆರೆದಿದ್ದು, ಫೂ ಅಂತ ಮಣ್ಣು ಊದೋದು, ಸೊರ್ ಅಂತ ಗೆದ್ದಲು ಹೀರೋದು, ಅಡುಗೆಮನೆ ತನಕ ಕೇಳಿಸ್ತಿತ್ತಂತೆ. ಮರದ ತುಂಡನ್ನ ಉರುಳಿಸ್ತು, ಗುರ್ ಅಂತ ಬೈತು, ಜೇಡಿಮಣ್ಣು ಕಿತ್ತು ನಾಲಿಗೆ ತೂರಿಸ್ತು. ಸಂಜೆ ಹೊತ್ತಿಗೆ ಮೈಯೆಲ್ಲ ಮಣ್ಣು ಮಾಡ್ಕೊಂಡು ಆ ತುಂಡನ್ನೇ ತಬ್ಕೊಂಡು ಗೊರಕೆ ಹೊಡೀತಂತೆ. ಸುಲಿದು ಸುಲಿದು ಕೊಟ್ಟು ನಾನೇ ನಿನ್ನ ಕೈ ಕಟ್ಟಿಹಾಕಿದ್ನಲ್ಲೋ ಅಂತ ಸಂಕವ್ವ ಬಿಕ್ಕಿಬಿಕ್ಕಿ ಅತ್ಲು. ಅವತ್ತಿಂದ ಒಂದಿನ ಹುತ್ತದ ಹೆಂಟೆ, ಒಂದಿನ ಸಿಪ್ಪೆ ಸಮೇತ ಇಡೀ ಹಲಸು, ಹಂಗೆ ಏನಾದ್ರೂ ತರೋಳು.

ನಗಬೇಡ ನೀನು, ಇನ್ನೂ ಇದೆ.

ಪಕ್ಕದ ರಾಜ್ಯದ ರಾಜ ಕುಣಿಯೋ ಕರಡಿ ನೋಡೋಕೆ ಬಂದ. ತಮಟೆ ಬಡಿದ್ರು. ಬೋರ ರಾಜರ ಕಡೆಗೆ ಕುಂಡಿ ಮಾಡ್ಕೊಂಡು ಹುತ್ತ ಕೆರೀತಿದೆ, ಮಣ್ಣೆಲ್ಲ ಹಾರಿ ಇಬ್ಬರ ರೇಷ್ಮೆ ಶಲ್ಯದ ಮೇಲೆ! ಪಕ್ಕದ ರಾಜ ಮುಸಿಮುಸಿ ನಕ್ಕ. ನಮ್ಮ ರಾಜನ ಮುಖ ಸುಟ್ಟ ಬದನೇಕಾಯಿ ಆಯ್ತು. ಯಾರು ನನ್ನ ಕರಡಿ ಕೆಡಿಸಿದ್ದು ಅಂದ. ಸಂಕವ್ವ ಕೈಮುಗಿದು, ಬುದ್ಧೀ, ಅದು ಕುಣಿತ ಅಲ್ಲ ಬುದ್ಧೀ, ಸಂಕಟ, ಅದಕ್ಕೆ ಏನಾದ್ರೂ ಕೆಲಸ ಬೇಕು ಅಂದ್ಲು. ತುಪ್ಪ ಬೆಲ್ಲ ತಿನ್ನೋದಕ್ಕೆ ಎಂಥಾ ಸಂಕಟವೇ ಅಂತ ರಾಜ ನಕ್ಕ, ಸುತ್ತಲಿದ್ದೋರೂ ನಕ್ರು. ಹುತ್ತ, ಮರದ ತುಂಡು ಎಲ್ಲಾ ಎತ್ತಿಸಿ, ಹೊಂಡ ತೊಳೆಸಿ, ಇನ್ಮೇಲೆ ಸುಲಿದ ಹಣ್ಣು ಬಿಟ್ಟು ಬೇರೇನೂ ಒಳಗೆ ಹೋಗಕೂಡದು ಅಂತ ಕಾವಲು ಹಾಕಿಸಿದನಂತೆ.

ಬೋರ ಮೂಲೆಮೂಲೆ ಮೂಸಿ ಹುಡುಕ್ತು. ಕಲ್ಲನ್ನೇ ಕೆರೆದು ಕೆರೆದು ಉಗುರು ಕಿತ್ಕೊಳ್ತು. ಆಮೇಲೆ ಅದೇ ಹಳೇ ಮೂಲೆಗೆ ಹೋಗಿ ನಿಂತು ತೂಗೋಕೆ ಶುರು ಮಾಡ್ತಂತೆ. ಊರಿಗೆ ಊರೇ ಕೇಕೆ ಹಾಕ್ತು. ರಾಜ ಸಂಕವ್ವನ್ನ ಹೊಂಡದ ಅಂಚಿಗೆ ಕರೆಸಿ, ರೇಷ್ಮೆ ಸೀರೆ ಕೊಟ್ಟು, ನೀನೂ ತಟ್ಟೇ ಚಪ್ಪಾಳೆ ಅಂದ. ಒಲ್ಲೆ ಅಂದ್ರೆ ಅವಳನ್ನ ಓಡಿಸ್ತಾರೆ, ಬೋರ ಬೇರೆಯೋರ ಕೈಲಿ ತಿನ್ನಲ್ಲ, ಹಸಿದು ಸಾಯ್ತದೆ. ತಟ್ಟಿದ್ಲು, ಎರಡೇ ಸಲ.

ತೂಗೋದು ನಿಲ್ಲಿಸ್ತು ಬೋರ. ಗುಡುಗುಡು ಓಡಿ ಬಂದು, ಅವಳ ಕೆಳಗೆ ಎರಡು ಕಾಲಮೇಲೆ ನಿಂತು, ಮುಂಗಾಲೆರಡೂ ಎತ್ತಿ ಮೂಗು ಚಾಚ್ತು. ಹುತ್ತ ತಂದಿದಾಳೆ ಅಂದ್ಕೊಂಡಿತ್ತು ಕಂದಾ ಅದು. ಸಂಕವ್ವನ ಕೈ ಖಾಲಿ. ನೋಡ್ರೋ ನೋಡ್ರೋ, ನಮಸ್ಕಾರನೂ ಮಾಡ್ತದೆ ಅಂತ ಜನ ಬಿದ್ದು ಬಿದ್ದು ನಕ್ರಂತೆ. ರಾಜ, ಭೇಷ್, ಇದನ್ನ ದಿನಾ ಮಾಡಿಸು ಅಂದನಂತೆ.

ದಿನಾ ಮಾಡಿಸಿದ್ಲಂತೆ. ಇನ್ನೇನು ಮಾಡ್ತಾಳೆ ಹೇಳು? ರಾಜ ಸುಖವಾಗಿದ್ದ, ಊರೂ ಸುಖವಾಗಿತ್ತು, ಅವರಿಗೆ ಕತೆ ಅಲ್ಲಿಗೆ ಮುಗೀತು. ಸಂಕವ್ವ ಚಪ್ಪಾಳೆ ತಟ್ಟಿದಾಗೆಲ್ಲ ಬೋರ ಓಡಿ ಬರ್ತಿತ್ತಂತೆ, ಇವತ್ತಾದ್ರೂ ತಂದಿದಾಳೇನೋ ಅಂತ ಅವಳ ಕೈ ನೋಡ್ತಿತ್ತಂತೆ.