ಗೆದ್ದಲಿಗೆ ಒಂದೇ ಸಂಜೆಯ ರೆಕ್ಕೆ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟವನ್ನು ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ. ಕಂಡಕಂಡವರನ್ನು ಕೇಳಿಕೊಂಡು ಹರಿಯುತ್ತಿದ್ದವು.

ಆಗ ಗೆದ್ದಲು ಮಂದಿ ಮಣ್ಣಿನೊಳಗೆ ಇರಲಿಲ್ಲ ಮಗೂ. ಮರದ ತುದಿಯಲ್ಲಿದ್ದರು. ಅವರಿಗೆ ಒಳ್ಳೆಯ ಕಣ್ಣಿದ್ದವು, ಮೈಗೆ ಜೇನಿನ ಬಣ್ಣವಿತ್ತು, ಬೆನ್ನಿಗೆ ನಾಲ್ಕು ರೆಕ್ಕೆಗಳಿದ್ದವು. ಹೂವಿನ ಪುಡಿ ತಿನ್ನುವುದು, ಎಲೆಯ ಮೇಲಿನ ಹನಿ ಕುಡಿಯುವುದು, ಬಿಸಿಲಿಗೆ ಮೈಯೊಡ್ಡಿ ಕೂರುವುದು, ಇಷ್ಟೇ ಅವರ ಬದುಕು.

ಒಂದು ಹೊಂಗೆಮರದ ಮೇಲೆ ಸೋನವ್ವ ಅನ್ನುವ ತಾಯಿ ಇದ್ದಳು. ಅವಳಿಗೆ ಒಬ್ಬಳೇ ಮಗಳು, ಚಿಗುರಿ. ಚಿಗುರಿಗೆ ಬಾಯಿ ಮುಚ್ಚಿ ಗೊತ್ತಿರಲಿಲ್ಲ. ಗಾಳಿಯ ಜೊತೆ ಮಾತು, ಮೋಡದ ಜೊತೆ ಮಾತು, ಯಾರೂ ಸಿಗದಿದ್ದರೆ ತನ್ನ ನೆರಳಿನ ಜೊತೆ ಮಾತು. "ಸ್ವಲ್ಪ ಸುಮ್ಮನಿರೇ, ನನ್ನ ಕಿವಿ ನೋಯ್ತಿದೆ" ಎಂದು ಸೋನವ್ವ ಗದರುವಳು. ಮಗಳು ಸುಮ್ಮನಾದರೆ ತಾನೇ ಹೋಗಿ ಮಾತನಾಡಿಸುವಳು.

ಮಣ್ಣಿನ ಕೆಳಗೆ ಬೇರೆಯೇ ಒಂದು ಲೋಕವಿತ್ತು. ಅದಕ್ಕೆ ಮೂರು ನೆಲೆ. ಮೂರು ನೆಲೆಗೆ ಮೂವರು ಕತ್ತಲ ದೇವರು. ಬೇರುಗಳು ಮುಗಿಯುವಲ್ಲಿ ಮಬ್ಬಯ್ಯ. ಅವನ ಕೆಳಗೆ, ಬಂಡೆಯೊಳಗೆ, ಕಾವಳಪ್ಪ. ಎಲ್ಲರಿಗಿಂತ ಕೆಳಗೆ ತಳವ್ವ. ಮೇಲಿನ ಲೋಕದಲ್ಲಿ ಎತ್ತರದಲ್ಲಿ ಕೂತವರು ದೊಡ್ಡವರು. ಅಲ್ಲಿ ಹಾಗಲ್ಲ, ಆಳದಲ್ಲಿ ಇದ್ದವರೇ ದೊಡ್ಡವರು. ಮಬ್ಬಯ್ಯ ಕಾವಳಪ್ಪನಿಗೆ ಹೆದರುವನು. ಕಾವಳಪ್ಪ ತಳವ್ವನಿಗೆ ಹೆದರುವನು.

ಲೋಕದಲ್ಲಿ ಆಗಷ್ಟೇ ಸಾವು ಶುರುವಾಗಿತ್ತು. ಮೊದಲು ಒಂದು ಎಲೆ ಹಣ್ಣಾಗಿ ಉದುರಿತು. ಆಮೇಲೆ ಒಂದು ಕೊಂಬೆ ಒಣಗಿ ಮುರಿಯಿತು. ಆಮೇಲೆ ಒಂದು ಇಡೀ ಮರ ಬಿತ್ತು. ನೆಲಕ್ಕೆ ಬಿದ್ದದ್ದೆಲ್ಲ ಕೆಳಗಿನವರ ಪಾಲು ಎಂಬುದು ಕಟ್ಟಳೆ. ಆದರೆ ಅದನ್ನು ಹೊತ್ತು ತರುವವರು ಯಾರೂ ಇರಲಿಲ್ಲ.

"ಹೊರುವವರನ್ನು ತಾ" ಎಂದ ಕಾವಳಪ್ಪ.

"ತರ್ತೀನಿ ಸ್ವಾಮೀ" ಎಂದ ಮಬ್ಬಯ್ಯ.

ಒಂದು ಸುಡುಬಿಸಿಲಿನ ಮಧ್ಯಾಹ್ನ ಮಬ್ಬಯ್ಯ ಮೇಲೆ ಬಂದು ಹೊಂಗೆಮರದ ಬುಡದಲ್ಲಿ ನೆರಳಿನಂತೆ ಮಲಗಿದ. ಬಹಳ ಮೆತ್ತಗಿನ ದನಿ ಅವನದು. "ಮಕ್ಕಳೇ, ಮೇಲೆ ಎಷ್ಟು ಸೆಕೆ! ನನ್ನ ಮನೆಯಲ್ಲಿ ತಂಪಿದೆ. ಒಂದು ಗಳಿಗೆ ಬಂದು ಹೋಗಿ."

ಒಬ್ಬರು ಇಳಿದರು. ತಂಪಾಗಿತ್ತು. "ಬನ್ನಿ, ಬನ್ನಿ" ಎಂದು ಕೂಗಿದರು. ಮರದ ಮೇಲಿದ್ದವರೆಲ್ಲ ಇಳಿದರು. ಕೊನೆಯವರು ಒಳಗೆ ಹೋದಮೇಲೆ ಮಣ್ಣು ಬಾಯಿ ಮುಚ್ಚಿಕೊಂಡಿತು.

ಸೋನವ್ವ ಆಗ ಮನೆಯಲ್ಲಿರಲಿಲ್ಲ. ಮಗಳಿಗೆ ಬಾಯಾರಿಕೆ ಎಂದು ಹೊಳೆದಂಡೆಗೆ ಹನಿ ತರಲು ಹೋಗಿದ್ದಳು. ತಿರುಗಿ ಬಂದಾಗ ಮರದಲ್ಲಿ ಒಂದು ಸದ್ದೂ ಇಲ್ಲ. ಕೊಂಬೆ ಕೊಂಬೆಗೂ ಹಾರಿ ಮಗಳನ್ನು ಕೂಗಿದಳು. ಹೂವಿನೊಳಗೆ ಇಣುಕಿದಳು. ಕೊನೆಗೆ ಗಾಳಿಯನ್ನು ಕೇಳಿದಳು.

ಗಾಳಿ ತಲೆ ತಗ್ಗಿಸಿತು. "ಕೆಳಗೆ ಹೋದರು ಸೋನವ್ವ."

"ನೀನು ತಡೀಲಿಲ್ವಾ?"

"ನಾನು ನಕ್ಕುಬಿಟ್ಟೆ ಕಣವ್ವಾ. ಸೆಕೆ ಆರಿದಮೇಲೆ ಬರ್ತಾರೆ ಅಂದ್ಕೊಂಡೆ."

"ನನ್ನನ್ನ ಕರ್ಕೊಂಡು ಹೋಗು."

"ಅಲ್ಲಿಗೆ ನಾನು ಬರೋ ಹಾಗಿಲ್ಲ. ಅಲ್ಲಿಗೆ ಹೋದ ಗಾಳಿ ಗಾಳಿಯಾಗಿ ಉಳಿಯಲ್ಲ."

ಸೋನವ್ವ ಮೂರು ದಿನ ಮರದ ಬುಡವನ್ನು ಕೆರೆದಳು. ಮೂರನೆಯ ದಿನ ಒಂದು ಮುದಿ ಬೇರಿಗೆ ಕನಿಕರ ಬಂತು. ಅದು ತುಸು ಪಕ್ಕಕ್ಕೆ ಸರಿದು ಸಂದು ಬಿಟ್ಟಿತು. "ಬೇಗ ಹೋಗು ತಾಯಿ. ಮೇಲಿನ ಒಂದು ದಿನ ಅಂದರೆ ಕೆಳಗಿನ ಒಂದು ವರ್ಷ" ಎಂದಿತು. ಸೋನವ್ವ ಮತ್ತೇನೂ ಕೇಳದೆ ತಲೆ ತೂರಿಸಿದಳು. ಸಂದಿಯಲ್ಲಿ ನುಗ್ಗುವಾಗ ಅವಳ ರೆಕ್ಕೆಗಳು ಕಲ್ಲಿಗೆ ಉಜ್ಜಿ ಹರಿದು ಹೋದವು. ಅವಳು ತಿರುಗಿಯೂ ನೋಡಲಿಲ್ಲ.

ಮೊದಲ ನೆಲೆಯಲ್ಲಿ ಮಬ್ಬಯ್ಯ ಎದುರಾದ.

"ನನಗೂ ಅಯ್ಯೋ ಅನ್ಸುತ್ತೆ ತಾಯಿ" ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಆದರೆ ನನ್ನ ಕೈಲಿ ಏನಿದೆ ಹೇಳು? ಕೆಳಗಿನವರು ತಾ ಅಂದರು, ತಂದುಬಿಟ್ಟೆ. ಬಿಡು ಅಂದರೆ ಈಗಲೇ ಬಿಡ್ತೀನಿ. ಕೆಳಗೆ ಕೇಳು."

ಅವನ ಹಿಂದೆ ಸೋನವ್ವ ತನ್ನ ಮಂದಿಯನ್ನು ಕಂಡಳು. ಸಾಲು ಸಾಲಾಗಿ, ಒಬ್ಬರ ಹಿಂದೆ ಒಬ್ಬರು, ಸತ್ತ ಮರದ ಚೂರುಗಳನ್ನು ಬಾಯಲ್ಲಿ ಕಚ್ಚಿ ನಡೆಯುತ್ತಿದ್ದರು. ಇಕ್ಕಟ್ಟಿನ ಸುರಂಗದಲ್ಲಿ ರೆಕ್ಕೆಗಳು ಸವೆದು ಹೋಗಿದ್ದವು. ಬಿಸಿಲಿಲ್ಲದೆ ಮೈ ಬೂದುಗುಂಬಳದ ತಿರುಳಿನಂತೆ ಬಿಳುಚಿತ್ತು. ನೋಡಲು ಏನೂ ಇಲ್ಲದೆ ಕಣ್ಣುಗಳು ಮೊದಲು ಮಂಜಾಗಿ, ಆಮೇಲೆ ಇಂಗಿ ಹೋಗಿದ್ದವು.

"ಚಿಗುರೀ!" ಎಂದು ಕೂಗಿದಳು ಸೋನವ್ವ.

ಯಾರೂ ನಿಲ್ಲಲಿಲ್ಲ. ಮತ್ತೆ ಕೂಗಿದಳು. ಸಾಲಿನಲ್ಲಿ ಒಬ್ಬಳ ಹೆಜ್ಜೆ ತಡವಾಯಿತು. ಸೋನವ್ವ ಓಡಿಹೋಗಿ ತನ್ನ ಹಣೆಯ ಮೇಲಿನ ಎರಡು ಮೀಸೆಗಳಿಂದ ಅವಳ ಮುಖ ಸವರಿದಳು.

"ಅವ್ವನಾ?" ಎಂದಳು ಅವಳು.

"ಹೂಂ ಕಂದಾ, ನಾನೇ."

"ಮೊದಮೊದಲು ದಿನಾ ಕರೀತಿದ್ದೆ ನಿನ್ನ" ಎಂದಳು ಚಿಗುರಿ. ಅಷ್ಟೇ. ಮರದ ಸುದ್ದಿ ಕೇಳಲಿಲ್ಲ, ಗಾಳಿಯ ಸುದ್ದಿ ಕೇಳಲಿಲ್ಲ. "ದಾರಿ ಬಿಡವ್ವಾ, ಹಿಂದಿನವರು ಕಾಯ್ತಿದ್ದಾರೆ" ಎಂದು ಚೂರನ್ನು ಕಚ್ಚಿಕೊಂಡು ನಡೆದಳು.

ಸೋನವ್ವ ಅಳುತ್ತಲೇ ಎರಡನೆಯ ನೆಲೆಗೆ ಇಳಿದಳು. ಅಲ್ಲಿ ಕಾವಳಪ್ಪನಿದ್ದ. ಬಂಡೆಗೆ ಬಂಡೆ ಉಜ್ಜಿದಂಥ ದನಿ. ಅವನು ಅವಳತ್ತ ತಿರುಗಲೂ ಇಲ್ಲ.

"ಬಂದದ್ದು ಹೋಗೋ ಹಾಗಿಲ್ಲ."

"ಯಾಕೆ ಸ್ವಾಮೀ?"

"ಯಾಕೆ ಅನ್ನೋ ಮಾತು ಈ ನೆಲೆಯಲ್ಲಿ ಇಲ್ಲ."

"ಹಾಗಾದರೆ ನಾನು ತಳವ್ವನನ್ನೇ ಕೇಳ್ತೀನಿ."

"ಹೋಗು. ಕೆಳಗೆ ಹೋಗೋರನ್ನ ನಾನು ಯಾವತ್ತೂ ತಡೆದವನಲ್ಲ."

ಮೂರನೆಯ ನೆಲೆಯಲ್ಲಿ ಏನೂ ಕಾಣಿಸಲಿಲ್ಲ, ಏನೂ ಕೇಳಿಸಲಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಸೋನವ್ವನ ಕಣ್ಣೂ ಆರಿಹೋಗಿದ್ದವು. ಕತ್ತಲಲ್ಲಿ ಒಬ್ಬಳು ದೊಡ್ಡ ಮುದುಕಿ ಕೂತಿದ್ದಾಳೆ ಎಂದು ಮಾತ್ರ ಗೊತ್ತಾಯಿತು. ಭೂಮಿಯ ಭಾರವೆಲ್ಲ ಅವಳ ತೊಡೆಯ ಮೇಲಿತ್ತು. ಎಷ್ಟೋ ಯುಗದಿಂದ ಅವಳು ಕಾಲು ಚಾಚಿರಲಿಲ್ಲ.

"ಅಜ್ಜೀ, ನನ್ನ ಮಗಳನ್ನ ಬಿಟ್ಟುಕೊಡು" ಎಂದಳು ಸೋನವ್ವ.

"ನನ್ನಿಂದ ಆಗಲ್ಲ ಮಗಾ. ಕಟ್ಟಳೆ ಇದೆ."

"ನೀನೇ ಎಲ್ಲರಿಗಿಂತ ದೊಡ್ಡವಳಲ್ವಾ? ಕಟ್ಟಳೆ ಮಾಡಿದವಳು ನೀನಲ್ವಾ?"

"ನಾನಲ್ಲ. ನನಗಿಂತ ಕೆಳಗಿನವರು."

"ನಿನಗಿಂತ ಕೆಳಗೆ ಯಾರಿದ್ದಾರೆ?"

ತಳವ್ವ ಅಂದಳು: "ಗೊತ್ತಿಲ್ಲ. ಇಲ್ಲಿ ಕೂತಾಗಿನಿಂದ ಕಿವಿಗೊಟ್ಟು ಕೇಳ್ತಾನೇ ಇದೀನಿ. ಅಲ್ಲಿಂದ ಇನ್ನೂ ಯಾರೂ ಮಾತಾಡಿಲ್ಲ."

ಸೋನವ್ವ ಅಲ್ಲೇ ಕೂತು ಅತ್ತಳು. ಅಲ್ಲಿಯವರೆಗೆ ಅವಳಿಗೆ ಒಂದು ಆಸೆ ಇತ್ತು. ಇನ್ನೂ ಕೆಳಗೆ ಒಬ್ಬರಿದ್ದಾರೆ, ಅವರಿಗೆ ನನ್ನ ಮಾತು ಅರ್ಥವಾಗುತ್ತದೆ ಎಂಬ ಆಸೆ. ಈಗ ಕೇಳುವುದಕ್ಕೆ ಯಾರೂ ಉಳಿದಿರಲಿಲ್ಲ.

ಅವಳ ಅಳು ಕೇಳಿ ತಳವ್ವನಿಗೂ ಸಂಕಟವಾಯಿತೇನೋ. ಮೆಲ್ಲಗೆ ಹೇಳಿದಳು: "ಎಷ್ಟೋ ಕಾಲಕ್ಕೆ ಒಂದು ಸಲ ಎಲ್ಲಿಂದಲೋ ಒಂದು ವಾಸನೆ ಇಳಿದು ಬರುತ್ತೆ. ಒದ್ದೆ ಮಣ್ಣಿನ ವಾಸನೆ."

"ಅದು ಮೊದಲ ಮಳೆ ಅಜ್ಜೀ."

"ಹೌದಾ? ಅದು ಬಂದಾಗ ನನಗೆ ಜೊಂಪು ಹತ್ತುತ್ತೆ, ಕೈ ಸಡಿಲಾಗುತ್ತೆ. ಆಗ ಯಾರಾದರೂ ನುಸುಳಿ ಹೋದರೆ ನನಗೆ ಗೊತ್ತಾಗಲ್ಲ. ಹೋಗೋರಿಗೆ ನನ್ನ ಉಸಿರಿಂದ ರೆಕ್ಕೆ ಮಾಡಿಕೊಡ್ತೀನಿ. ಆದರೆ ಕೇಳು, ಆ ಜೊಂಪು ಒಂದು ಸಂಜೆಯದು. ನಾನು ಎಚ್ಚರ ಆದಾಗ ರೆಕ್ಕೆ ಉದುರುತ್ತೆ. ಆಮೇಲೆ ಅವರು ಉಳಿಯೋದು ಕಷ್ಟ."

"ಒಂದೇ ಸಂಜೆನಾ?"

"ಒಂದೇ. ಇನ್ನೊಂದು ಮಾತಿದೆ. ಹೊರುವವರ ಸಾಲು ತುಂಡಾಗಬಾರದು. ಹೋದವರ ಜಾಗಕ್ಕೆ ಬೇರೆಯವರು ಬರಬೇಕು. ಅವರನ್ನ ಹೆತ್ತುಕೊಡೋಕೆ ಒಬ್ಬಳು ತಾಯಿ ಇಲ್ಲೇ ಇರಬೇಕು, ಯಾವತ್ತಿಗೂ."

ಸೋನವ್ವ ಯೋಚಿಸಿದಳು. ಇಲ್ಲಿ ಇದ್ದರೆ ಮಗಳು ಬದುಕಿರುತ್ತಾಳೆ, ಮರದ ಚೂರು ಕಚ್ಚಿಕೊಂಡು, ಮಾತಿಲ್ಲದೆ. ಮೇಲೆ ಹೋದರೆ ಒಂದು ಸಂಜೆ. ಯಾವುದು ತಾಯಿ ಮಾಡಬೇಕಾದದ್ದು? ಹೇಳುವವರು ಯಾರೂ ಇರಲಿಲ್ಲ.

"ನಾನೇ ಇರ್ತೀನಿ" ಎಂದಳು.

ಮೊದಲ ನೆಲೆಯಲ್ಲಿ, ಮಣ್ಣಿನ ನಡುವೆ, ಅವಳಿಗೊಂದು ಕೋಣೆ ಕಟ್ಟಿದರು. ಅದಕ್ಕೆ ಅವಳು ಹೊರಬರುವಷ್ಟು ಬಾಗಿಲಿರಲಿಲ್ಲ. ಅವಳ ಮೈ ಊದಿತು, ಊದಿ ಊದಿ ಅಲುಗಾಡದಂತಾಯಿತು. ಅವಳು ಹೆತ್ತಳು. ಹುಟ್ಟಿದವರೆಲ್ಲ ಬಿಳುಪು, ಹುಟ್ಟಿದವರೆಲ್ಲ ಕುರುಡು. ಮೈ ಒಣಗುವ ಮೊದಲೇ ಸಾಲಿಗೆ ಸೇರಿ ಹೊರತೊಡಗಿದರು.

ಒಂದು ದಿನ ಒದ್ದೆ ಮಣ್ಣಿನ ವಾಸನೆ ಇಳಿದು ಬಂತು. ಕೆಳಗೆ ತಳವ್ವ ತೂಕಡಿಸಿದಳು. ಚಿಗುರಿಯ ಬೆನ್ನಲ್ಲಿ, ಅವಳ ಜೊತೆಯ ನೂರಾರು ಮಂದಿಯ ಬೆನ್ನಲ್ಲಿ, ರೆಕ್ಕೆ ಒಡೆದವು. ಮುಖದಲ್ಲಿ ಮತ್ತೆ ಎರಡು ಕಣ್ಣು ಮೂಡಿದವು. ಸೋನವ್ವ ಮಗಳನ್ನು ಹತ್ತಿರ ಕರೆಸಿಕೊಂಡಳು.

"ಮೇಲೆ ಹೋಗು ಕಂದಾ. ಬೆಳಕಿರೋ ಕಡೆ ಹೋಗು. ನಮ್ಮ ಮನೆ ಅಲ್ಲೇ."

"ಬೆಳಕು ಅಂದರೆ ಯಾವುದವ್ವಾ? ನನಗೆ ಮರೆತು ಹೋಗಿದೆ."

"ಕಂಡ ತಕ್ಷಣ ಗೊತ್ತಾಗುತ್ತೆ."

"ನೀನು ಬರಲ್ವಾ?"

ಸೋನವ್ವ ಜೀವನದಲ್ಲಿ ಮಗಳಿಗೆ ಸುಳ್ಳು ಹೇಳಿದವಳಲ್ಲ. ಅವತ್ತು ಹೇಳಿದಳು. "ನೀನು ಮುಂದೆ ಹೋಗ್ತಿರು. ನಿನ್ನ ಹಿಂದೇನೇ ಬರ್ತೀನಿ."

ಮಣ್ಣು ಬಾಯಿಬಿಟ್ಟಿತು. ಮಕ್ಕಳೆಲ್ಲ ಹೊಗೆಯಂತೆ ಮೇಲೆದ್ದು ಹೋದರು. ಅವರ ರೆಕ್ಕೆಯ ಸದ್ದು ದೂರವಾಗಿ, ಕೊನೆಗೆ ಕೇಳಿಸದಾಯಿತು. ಸೋನವ್ವ ತನ್ನ ಕೋಣೆಯಲ್ಲಿ ಒಬ್ಬಳೇ ಉಳಿದಳು.

ಸ್ವಲ್ಪ ಹೊತ್ತಿಗೆ ಮಳೆನೀರು ಮಣ್ಣಿನಲ್ಲಿ ಇಂಗುತ್ತ ಇಂಗುತ್ತ ಅವಳ ಕೋಣೆಯವರೆಗೆ ಬಂತು.

"ನನ್ನ ಮಗಳನ್ನ ನೋಡಿದೆಯಾ?" ಎಂದು ಕೇಳಿದಳು.

"ನೋಡಿದೆ" ಎಂದಿತು ನೀರು. "ಹೊತ್ತು ಮುಳುಗುವ ಸಮಯ. ಬೆಟ್ಟದ ಅಂಚಲ್ಲಿ ಇಷ್ಟೇ ಇಷ್ಟು ಬೆಳಕಿತ್ತು. ಅದರ ಕಡೆ ಹಾರಿದಳು. ದಾರಿಯುದ್ದಕ್ಕೂ ಮಾತಾಡಿದಳು ಸೋನವ್ವ. ಗಾಳಿಯನ್ನ ಮಾತಾಡಿಸಿದಳು, ನನ್ನ ಹನಿಗಳನ್ನ ಮಾತಾಡಿಸಿದಳು. ಬಾಯಿ ಮುಚ್ಚಲಿಲ್ಲ."

ಸೋನವ್ವ ನಕ್ಕಳು. ಕೆಳಗಿನ ಲೋಕದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

"ಆಮೇಲೆ?"

"ಬೆಳಕು ಆರಿತು. ರೆಕ್ಕೆ ಉದುರಿದವು. ನೆಲಕ್ಕೆ ಬಿದ್ದಳು."

"ನೋವಾಯಿತಾ ಅವಳಿಗೆ?"

"ನೋವಿನ ಮಾತು ಆಡಲಿಲ್ಲ. ಎದ್ದು ಅತ್ತಿತ್ತ ಓಡಾಡಿದಳು. ಎದುರಿಗೆ ಬಂದವರನ್ನೆಲ್ಲ ಕೇಳಿದಳು."

"ಏನಂತ?"

ನೀರಿಗೆ ಹೇಳಲು ಮನಸ್ಸಿರಲಿಲ್ಲ. ಆದರೆ ಅದಕ್ಕೆ ಸುಳ್ಳು ಬರುತ್ತಿರಲಿಲ್ಲ. "'ನನ್ನ ಹಿಂದೆ ಅವ್ವ ಬರ್ತಿದ್ದಳು, ಕಂಡಿರಾ?' ಅಂತ."

ಕೆಳಗೆ ತಳವ್ವ ಎಚ್ಚರಗೊಂಡು ಕೈ ಬಿಗಿ ಮಾಡಿದಳು. ಮಣ್ಣು ಮತ್ತೆ ಬಾಯಿ ಮುಚ್ಚಿತು. ಕೋಣೆಯ ಆಚೆ ಸಾಲು ನಡೆಯುತ್ತಲೇ ಇತ್ತು, ಒಬ್ಬರ ಹಿಂದೆ ಒಬ್ಬರು.

ಮುಂದಿನ ಮೊದಲ ಮಳೆಗೂ ಒದ್ದೆ ಮಣ್ಣಿನ ವಾಸನೆ ಬಂತು. ಅವಳು ಮತ್ತೆ ನೂರು ಮಕ್ಕಳನ್ನು ಹತ್ತಿರ ಕರೆದಳು. "ಬೆಳಕಿರೋ ಕಡೆ ಹೋಗಿ" ಎಂದಳು. "ನೀನು ಬರಲ್ವಾ ಅವ್ವಾ?" ಎಂದು ಅವರೂ ಕೇಳಿದರು. ನಿಜ ಹೇಳಿದರೆ ಒಬ್ಬರೂ ಹೋಗುತ್ತಿರಲಿಲ್ಲ. ಅವಳು ಅದೇ ಸುಳ್ಳನ್ನು ಹೇಳಿದಳು.

ಅದಕ್ಕೇ ಮಗೂ, ಇವತ್ತಿಗೂ ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ಹುಳುಗಳು ಹೊಗೆಯಂತೆ ಎದ್ದು ಬಂದು ನಮ್ಮ ಜಗಲಿಯ ದೀಪವನ್ನು ಮುತ್ತುತ್ತವೆ. ರೆಕ್ಕೆ ಕಳಚಿ ಬಿದ್ದಮೇಲೆ, ಒಂದರ ಹಿಂದೆ ಒಂದು, ಗೋಡೆಯ ಬುಡದಲ್ಲಿ, ಹೊಸ್ತಿಲ ಸಂದಿಯಲ್ಲಿ, ನಿನ್ನ ಕಾಲಬೆರಳ ಸುತ್ತ ಕೂಡ, ಹಿಂದೆ ಬರುತ್ತೇನೆ ಎಂದ ಅವ್ವನನ್ನು ಹುಡುಕುತ್ತ ಓಡಾಡುತ್ತವೆ.