ಅತ್ತೆ ಗೊಂಬೆಯ ಕಣ್ಣು

ಆ ವರ್ಷ ಮಾರುಕಟ್ಟೆಯೇ ಮಕಾಡೆ ಮಲಗಿತು. ಹದಿನೈದು ವರ್ಷದಿಂದ ಓಡುತ್ತಿದ್ದ ಟೀವಿ ಧಾರಾವಾಹಿಯ ಪಾತ್ರಗಳ ಗೊಂಬೆಗಳನ್ನೂ ಕೇಳುವವರಿಲ್ಲ. ಸೊಸೆ ಗೊಂಬೆಗಳು ಹೇಗೋ ಹೋದವು. ಗೋದಾಮಿನಲ್ಲಿ ಸಾವಿರ ಅತ್ತೆಯರು ಕಣ್ಣು ಕೆಕ್ಕರಿಸಿಕೊಂಡು ಕೂತೇ ಇದ್ದರು.

“ತಿಂಗಳೊಳಗೆ ಇವನ್ನೆಲ್ಲ ಮಾರಬೇಕು. ಇಲ್ಲದಿದ್ದರೆ ಕೆಲಸ ಬಿಡು!” ಎಂದು ನಿರ್ಮಾಪಕ ಪಾಲಾಕ್ಷಯ್ಯ ಗುಮಾಸ್ತನ ಮೇಲೆ ಗುಡುಗಿದರು.

ವಾರದಲ್ಲೇ ಗೋದಾಮು ಬರಿದಾಯಿತು. ಪಾಲಾಕ್ಷಯ್ಯನವರಿಗೆ ಕುತೂಹಲ ತಡೆಯಲಾಗಲಿಲ್ಲ. “ಇಂಥ ಕಾಲದಲ್ಲಿ ಯಾವ ಮಕ್ಕಳಯ್ಯ ಕೊಂಡಿದ್ದು?”

“ಮಕ್ಕಳಲ್ಲ ಸಾರ್. ದುಡ್ಡಿಲ್ಲದೆ ಊರ ತುಂಬ ಮನೆಗಳು ಅರ್ಧಕ್ಕೆ ನಿಂತಿವೆ. ದೃಷ್ಟಿ ತಾಗಿದೆ ಅಂತಾರೆ ಜನ. ನಮ್ಮ ಅತ್ತೆಗಿಂತ ಒಳ್ಳೆ ದೃಷ್ಟಿಗೊಂಬೆ ಎಲ್ಲಿ ಸಿಗುತ್ತೆ?”

“ಥೂ! ಧಾರಾವಾಹಿ ಮರ್ಯಾದೆ ತೆಗೆದೆಯಲ್ಲೋ! ಮೊದಲು ಕೊಂಡ ಪುಣ್ಯಾತ್ಮರು ಯಾರು?”

ಗುಮಾಸ್ತ ತಲೆ ಕೆರೆದುಕೊಂಡ.

“ನಮ್ಮ ಅಮ್ಮಾವ್ರೇ ಸಾರ್. ಎರಡನೇ ಮಹಡಿಗೇ ನಿಂತಿರೋ ನಿಮ್ಮ ಹೊಸ ಮನೆಗೆ.”