ಜೊಳ್ಳುಗುಡ್ಡ

ಕರಿಬಂಡೇನಹಳ್ಳಿಗೆ ಬರುವವರಿಗೆ ಬಸ್ಸಿನಿಂದ ಇಳಿಯುವ ಮೊದಲೇ ಕಾಣುವುದು ಕೆರೆ ಏರಿಯ ತುದಿಯ ಬೋಳು ದಿಬ್ಬ. ಅದೇ ಜೊಳ್ಳುಗುಡ್ಡ. ಮೇಲೆ ಮರವಿಲ್ಲ, ಗುಡಿಯಿಲ್ಲ. ಮೊರದ ಆಕಾರದ ಒಂದು ಚಪ್ಪಡಿ ಮಾತ್ರ ಇದೆ. ಗುಡ್ಡ ವರ್ಷಕ್ಕೊಂದು ಗೇಣು ಬೆಳೆಯುತ್ತದೆ ಎನ್ನುತ್ತಾರೆ. ನಾನು ಅಳೆದವನಲ್ಲ, ಕೇಳಿದವರಿಗೆ ಎರಡು ಗೇಣು ಎಂದೇ ಹೇಳುತ್ತ ಬಂದಿದ್ದೇನೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲವೋ ಅದಕ್ಕೂ ಮೊದಲೋ, ಈ ಕೆರೆಗೆ ಕಾಟಬೋರಯ್ಯನೆಂಬ ನೀರುಗಂಟಿ ಇದ್ದ. ತೂಬು ಎತ್ತಿ ಹೊಲದಿಂದ ಹೊಲಕ್ಕೆ ನೀರು ತಿರುಗಿಸುವುದು ಅವನ ಕೆಲಸ. ನೀರುಗಂಟಿಯ ಹೊಲ ಕಾಲುವೆಯ ಕಟ್ಟಕಡೆಯಲ್ಲೇ ಇರಬೇಕೆಂಬುದು ಊರಿನ ಕಟ್ಟಳೆ. ಅವನದು ನೆನೆಯಿತೆಂದರೆ ಎಲ್ಲರದೂ ನೆನೆದಂತೆ. ಆ ವರ್ಷ ಮಳೆ ಕೈಕೊಟ್ಟು, ಕೆರೆಯಲ್ಲಿ ರಾಗಿಗೆ ಒಮ್ಮೆ ಹಾಯಿಸುವಷ್ಟೇ ನೀರು ಉಳಿದಿತ್ತು. ಪೈರು ಹೊಡೆಗಟ್ಟಿ, ಗರಿಯೊಳಗೆ ತೆನೆ ಉಬ್ಬುವ ಹೊತ್ತಿಗೆ ಅದನ್ನು ಬಿಡುವುದೆಂದು ಊರೆಲ್ಲ ಕೂತು ಒಪ್ಪಿತ್ತು. ಬೋರಯ್ಯನ ಮಗಳು ಗಾದ್ರಮ್ಮ ಬಸುರಿಯಾಗಿ ತವರಿಗೆ ಬಂದಿದ್ದಳು. ಮನೆಯಲ್ಲಿ ಕಾಳು ಮುಗಿದಿತ್ತು. ಅವಳ ಬಾಣಂತನದ ಅಂಬಲಿ ಆ ಬೆಳೆಯಲ್ಲೇ ಇತ್ತು.

ಹೊಡೆಗಟ್ಟುವ ಮೊದಲೇ ಬಿಸಿಲಿಗೆ ಗರಿ ಸುರುಳಿ ಸುತ್ತತೊಡಗಿತು. ಮಧ್ಯಾಹ್ನ ಸುತ್ತಿದ ಗರಿ ಮರು ಮುಂಜಾನೆ ಬಿಚ್ಚಿಕೊಳ್ಳುತ್ತಿದ್ದರೆ ಪೈರಿಗೆ ಭಯವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಕಣ್ಣು ತಡೆಯಬೇಕಲ್ಲ. ಜನ ಏರಿಯ ಮೇಲೆ ಸೇರಿ ನೀರು ಬಿಡೆಂದರು, ಬೋರಯ್ಯ ಜಗ್ಗಲಿಲ್ಲ. ಆಗ ಅವನ ಹೆಂಡತಿಯ ತಮ್ಮ ಸಣ್ಣಮಲ್ಲ ನಗುತ್ತಲೇ, "ಬಿಡ್ರಪ್ಪ, ನಮ್ಮ ಭಾವ ಕೊನೇ ಹೊಲದೋನು. ನಮ್ಮ ಪೈರೆಲ್ಲ ಒಣಗಿದ ಮೇಲೆ ನೀರು ಬಿಟ್ರೆ ದಾರೀಲಿ ಕುಡಿಯೋರು ಯಾರೂ ಇರಲ್ಲ ನೋಡಿ" ಎಂದ.

ಜನ ನಕ್ಕರು. ಬೈದಿದ್ದರೆ ಬೋರಯ್ಯ ತಿರುಗಿ ಬೈದು ಸುಮ್ಮನಾಗುತ್ತಿದ್ದನೇನೋ. ಆ ನಗು ತಾಳಲಾಗಲಿಲ್ಲ. ಅಲ್ಲೇ ತೂಬು ಎತ್ತಿದ. ತನ್ನ ಹೊಲದ ಬಾಯಿಗೆ ಮಣ್ಣು ಒಟ್ಟಿ ಮುಚ್ಚಿ, ಕೆರೆ ಬರಿದಾಗುವವರೆಗೆ ಊರಿಗೆಲ್ಲ ನೀರು ಹಾಯಿಸಿದ. ಊರಿನ ಪೈರು ಕಡುಹಸಿರಾಗಿ ಎದ್ದು ನಿಂತಿತು. ಮಲ್ಲನೇ ಮೊದಲು ಬಂದು ಹೊಗಳಿದನಂತೆ. ಹೊಡೆಗಟ್ಟುವ ಹೊತ್ತಿಗೆ ಕೆರೆಯಲ್ಲಿ ಬರೀ ಕೆಸರು. ತೆನೆ ಬಂತು, ಕಾಳು ಕಟ್ಟಲಿಲ್ಲ.

ಊರವರು ಜೊಳ್ಳನ್ನೆಲ್ಲ ದಿಬ್ಬದ ಮೇಲೆ ಸುರಿದು ಗುಳೆ ಹೊರಟರು. ಮಗಳು ನಡೆಯುವಂತಿರಲಿಲ್ಲ, ಬೋರಯ್ಯ ಉಳಿದ. "ಇನ್ನೊಂದ್ಸಲ ತೂರು ಅಪ್ಪಯ್ಯ, ಒಂದು ಹಿಡಿ ಎಲ್ಲಾದ್ರೂ ಇದ್ದೀತು" ಎಂದಳು ಗಾದ್ರಮ್ಮ. ಅವನು ತೂರಿದ. ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಹೋದರು. ಆಮೇಲೂ ತೂರಿದ. ಮಳೆ ಬಂದು ಜನ ಮರಳಿದಾಗ ದಿಬ್ಬದ ಮೇಲೆ ಸಿಕ್ಕಿದ್ದು ಮೊರ ಮಾತ್ರ. ಅದೇ ಕಲ್ಲಾಯಿತು ಎನ್ನುತ್ತಾರೆ. ಕಲ್ಲು ಮೊದಲೇ ಅಲ್ಲಿತ್ತು ಎನ್ನುವವರೂ ಇದ್ದಾರೆ. ಅಂಥವರಿಗೆ ನಾನು ಕಥೆ ಹೇಳುವುದಿಲ್ಲ.

ಈಗಲೂ ರಾಗಿ ಹೊಡೆಗಟ್ಟಿದಾಗ ಹಿಂದಿನ ಸುಗ್ಗಿಯ ಜೊಳ್ಳನ್ನು ಮನೆಗೊಂದು ಮೊರ ತಂದು ಗುಡ್ಡಕ್ಕೆ ಸುರಿದ ಮೇಲೆಯೇ ತೂಬು ಎತ್ತುವುದು. ಆ ದಿನ ಏರಿಯ ಮೇಲೆ ಯಾರೂ ನಗುವಂತಿಲ್ಲ, ನಾನೂ ನಗುವುದಿಲ್ಲ. ಗಾಳಿ ಎದ್ದಾಗ ಗುಡ್ಡದ ಜೊಳ್ಳು ಹಾರಿ ರಸ್ತೆಗೆ ಬೀಳುವುದನ್ನು ಬಂದವರು ನೋಡಬಹುದು. ಅದನ್ನು ತುಳಿಯುವ ಮೊದಲು ನಮ್ಮೂರಿನವರು ಒಮ್ಮೆ ಬಗ್ಗಿ, ಕಾಳೇನಾದರೂ ಇದೆಯೇ ಎಂದು ನೋಡುತ್ತಾರೆ.